ನೋವಿನ ಗುಳಿಗೆ: ಆಯ್ಕೆಯೂ ಜೋಪಾಸನೆಯೂ

ಬಸವನಗುಡಿಯ ಗಾಂಧೀ ಬಜಾರಿನಲ್ಲಾಗಲಿ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಾಗಲಿ, ತಲೆನೋವಿಗೆಂದು ನಾವು ನಾಲ್ಕು ಗುಳಿಗೆಗಳನ್ನು ಕೇಳಿದರೆ ಅಂಗಡಿಯವರು ಪಟ್ಟಿಯಿಂದ ಅಷ್ಟನ್ನೇ ಕತ್ತರಿಸಿ ಕೊಡುವುದು ವಾಡಿಕೆ. ಔಷಧದ ಹೆಸರೂ ಅವಧಿ ಮುಗಿಯುವ ತಿಂಗಳೂ ಅಚ್ಚಾಗಿರುವ ತುಂಡು ಅನೇಕವೇಳೆ ಅಂಗಡಿಯಲ್ಲಿಯೇ ಉಳಿದುಬಿಡುತ್ತದೆ. ಇದು ಅಪಾಯಕ್ಕೆ ಎಡೆಗೊಡುವ ಪದ್ಧತಿ.

ಗುಳಿಗೆಯನ್ನು ಕೊಳ್ಳುವಾಗ ಕಂಪೆನಿಯಿಟ್ಟ ಹೆಸರಿಗಿಂತ ಒಳಗಿನ ವಸ್ತುವನ್ನು ನೋಡತಕ್ಕದ್ದು. ಜ್ವರದ ಗುಳಿಗೆಯಲ್ಲಿರುವ ಪ್ಯಾರಸಿಟಮಾಲೇ ನೆಗಡಿಯ ಗುಳಿಗೆಯಲ್ಲಿಯೂ ಇರುವುದುಂಟು. ಆರೋಗ್ಯವಂತರಾದ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಪರಮಾವಧಿ. 650 ಮಿಲಿಗ್ರಾಂನ ಗುಳಿಗೆಗಳು ಆರಾದರೆ ಮಿತಿ ಮುಟ್ಟಿದಂತೆಯೇ. ಅದನ್ನು ಮೀರಿದರೆ ಯಕೃತ್ತು ಕೆಡಬಹುದು. ಮೊದಲ ದಿನ ಅದರ ಸುಳಿವೂ ತೋರದಿರಬಹುದು.

ಮಳೆಗಾಲದ ಜ್ವರದಲ್ಲಿ ಇನ್ನೊಂದು ಎಚ್ಚರ ಬೇಕು. ಡೆಂಗಿಯನ್ನು ಕರ್ನಾಟಕ ಸರ್ಕಾರವು 2024ರಲ್ಲಿ ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಅದರ ಶಂಕೆಯಿರುವಲ್ಲಿ ಆಸ್ಪಿರಿನ್, ಐಬುಪ್ರೊಫೇನ್‌ಗಳು ಕೂಡದು; ಅವು ರಕ್ತಸ್ರಾವವನ್ನು ಹೆಚ್ಚಿಸಬಲ್ಲವು. ಜ್ವರದ ಮಕ್ಕಳಿಗೆ ವೈದ್ಯರು ಹೇಳದ ಹೊರತು ಆಸ್ಪಿರಿನ್ ಸಲ್ಲದು.

ಆದುದರಿಂದ ಹೆಸರೂ ತಾರೀಖೂ ಇರುವ ತುಂಡನ್ನೇ ಕೇಳಿ ಪಡೆಯೋಣ. ಸಿಗದಿದ್ದರೆ ಅವನ್ನು ಲಕೋಟೆಯ ಮೇಲೆ ಬರೆಯಿಸಿಕೊಳ್ಳೋಣ. ಬಚ್ಚಲಿನ ತೇವವೂ ಅಡಿಗೆಮನೆಯ ಕಾವೂ ತಾಗದ ಎತ್ತರದ ಬೀರುವಿನಲ್ಲಿಟ್ಟು ಬೀಗ ಹಾಕೋಣ. ಪೆಪ್ಪರಮೆಂಟೆಂದು ಹೇಳಿ ಮಕ್ಕಳಿಗೆ ಗುಳಿಗೆಯನ್ನು ಕೊಡದಿರೋಣ. ಮಗು ಗುಳಿಗೆಗಳನ್ನು ನುಂಗಿತೆಂಬ ಸಂದೇಹ ಬಂದೊಡನೆ, ವಾಂತಿ ಮಾಡಿಸದೆ, ಪಟ್ಟಿಯ ಸಮೇತ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು; ಚಾಮರಾಜಪೇಟೆಯವರಿಗೆ ವಿಕ್ಟೋರಿಯಾ ಆಸ್ಪತ್ರೆ ಸಮೀಪ. ಪ್ಯಾರಸಿಟಮಾಲಿನ ವಿಷಕ್ಕೆ ಪ್ರತ್ಯೌಷಧವುಂಟು. 8 ಗಂಟೆಗಳೊಳಗೆ ಕೊಟ್ಟರೆ ಅದರ ಫಲ ಹೆಚ್ಚು. ನುಂಗಿದ್ದು ಏನೆಂಬುದನ್ನು ಪಟ್ಟಿಯ ಆ ತುಂಡಿನಿಂದಲೇ ವೈದ್ಯರು ಬೇಗನೆ ತಿಳಿಯಬಲ್ಲರು.