ಜೈಲಿನಲ್ಲಿರುವವರಿಗೆ ಮೊಬೈಲ್‌ನಿಂದ ಮೆಸೇಜ್ ಕಳಿಸಬಹುದೇ?

"ಜೈಲಿನಲ್ಲಿರುವ ನಿಮ್ಮವರಿಗೆ ಇನ್ನು ಮನೆಯಿಂದಲೇ ಮೆಸೇಜ್ ಕಳಿಸಿ" ಎಂಬ ಫಾರ್ವರ್ಡ್ ನಿಮಗೂ ಬಂದರೆ ಅದನ್ನು ಪೂರ್ತಿ ಸುಳ್ಳು ಎನ್ನುವಂತಿಲ್ಲ. ಅಮೆರಿಕದ ಜೈಲುಗಳಲ್ಲಿ ಇಂಥ ವ್ಯವಸ್ಥೆ ಎಷ್ಟೋ ವರ್ಷಗಳಿಂದ ಇದೆ. ಆದರೆ ನಮ್ಮಲ್ಲಿ ಇರುವುದೇ ಬೇರೆ. ಆ ವ್ಯತ್ಯಾಸ ತಿಳಿಯದೆ ಸಿಕ್ಕ ಲಿಂಕ್ ಒತ್ತಿದರೆ ದುಡ್ಡು ಹೋಗಬಹುದು. ಯೋಚಿಸದೆ ಏನಾದರೂ ಬರೆದರೆ ಒಳಗಿರುವವರ ಕೇಸಿಗೇ ತೊಂದರೆ ಆಗಬಹುದು. ಹಾಗಾಗಿ ಒಂದೊಂದಾಗಿ ನೋಡೋಣ.

ಅಮೆರಿಕದಲ್ಲಿ ಇದು ಹೇಗೆ ನಡೆಯುತ್ತದೆ?

ಅಲ್ಲಿನ ಕೇಂದ್ರ ಸರ್ಕಾರದ ಜೈಲುಗಳಲ್ಲಿ 'ಟ್ರೂಲಿಂಕ್ಸ್' ಎಂಬ ವ್ಯವಸ್ಥೆ ಇದೆ. ಹೊರಗಿರುವ ಮನೆಯವರು ಅದಕ್ಕಾಗಿ 'ಕಾರ್‌ಲಿಂಕ್ಸ್' ಎಂಬ ವೆಬ್‌ಸೈಟ್ ಬಳಸುತ್ತಾರೆ. ಮೊದಲ ಹೆಜ್ಜೆ ಇಡಬೇಕಾದವರು ಕೈದಿ. ಅವರು ನಿಮ್ಮ ಇಮೇಲ್ ವಿಳಾಸವನ್ನು ತಮ್ಮ ಪಟ್ಟಿಗೆ ಸೇರಿಸಬೇಕು, ನಂತರ ನಿಮಗೆ ಕೋರಿಕೆ ಬರುತ್ತದೆ, ನೀವು ಒಪ್ಪಿದರೆ ಮಾತ್ರ ಸಂದೇಶ ಓಡಾಡುತ್ತದೆ. ಒಂದು ಸಂದೇಶಕ್ಕೆ 13,000 ಅಕ್ಷರಗಳ ಮಿತಿ. ಫೋಟೋ, ವಿಡಿಯೋ, ಫೈಲ್ ಯಾವುದನ್ನೂ ಸೇರಿಸುವಂತಿಲ್ಲ.

ಇಮೇಲ್ ಇದೆ ಎಂದರೆ ಕೈದಿಗಳಿಗೆ ಇಂಟರ್ನೆಟ್ ಕೊಟ್ಟಿದ್ದಾರೆ ಎಂದಲ್ಲ. ಜೈಲಿನೊಳಗಿನ ಕಂಪ್ಯೂಟರ್‌ನಲ್ಲಿ ಅವರು ಸಂದೇಶ ಓದಬಹುದು, ಉತ್ತರ ಬರೆಯಬಹುದು. ಅಲ್ಲಿಂದ ಗೂಗಲ್‌ಗೋ ಫೇಸ್‌ಬುಕ್‌ಗೋ ಹೋಗಲಾಗದು.

ಬ್ರಿಟನ್‌ನಲ್ಲಿ ಇನ್ನೊಂದು ಬಗೆ. 'ಇಮೇಲ್ ಎ ಪ್ರಿಸನರ್' ಎಂಬ ಸೇವೆಯ ಮೂಲಕ ಕಳಿಸಿದ ಸಂದೇಶವನ್ನು ಜೈಲಿನವರು ಮುದ್ರಿಸಿ, ಕಾಗದದ ರೂಪದಲ್ಲಿ ಕೈದಿಗೆ ತಲುಪಿಸುತ್ತಾರೆ.

ಇದು ಉಚಿತವೇ?

ಕಾರ್‌ಲಿಂಕ್ಸ್‌ನಲ್ಲಿ ಮನೆಯವರು ಸಾಮಾನ್ಯ ಖಾತೆಗೆ ದುಡ್ಡು ಕೊಡಬೇಕಿಲ್ಲ. ಒಳಗಿರುವವರಿಗೆ ಮಾತ್ರ ನಿಮಿಷಕ್ಕೆ 5 ಸೆಂಟ್ ದರ ನಿಗದಿಯಾಗಿದೆ. ಕಡಿಮೆ ಅನ್ನಿಸಬಹುದು. ಆದರೆ ಅದೇ ಜೈಲುಗಳಲ್ಲಿ ಸಾಮಾನ್ಯ ಕೆಲಸಕ್ಕೆ ಗಂಟೆಗೆ 12ರಿಂದ 40 ಸೆಂಟ್ ಕೂಲಿ. ಲೆಕ್ಕ ಹಾಕಿ: ಒಂದು ಗಂಟೆ ಕೂತು ಓದಿ ಬರೆಯಲು 3 ಡಾಲರ್ ಬೇಕು. 12 ಸೆಂಟ್ ದುಡಿಯುವವರಿಗೆ ಅದು 25 ಗಂಟೆಯ ಕೂಲಿ!

ರಾಜ್ಯ ಸರ್ಕಾರಗಳ ಎಷ್ಟೋ ಜೈಲುಗಳಲ್ಲಿ ಈ ಸೇವೆ ಖಾಸಗಿ ಕಂಪನಿಗಳ ಕೈಯಲ್ಲಿದೆ. ಅಲ್ಲಿ 'ಸ್ಟಾಂಪ್' ಹೆಸರಿನ ಡಿಜಿಟಲ್ ಟೋಕನ್ ಕೊಂಡು ಸಂದೇಶ ಕಳಿಸಬೇಕಾಗುತ್ತದೆ. ಜೈಲಿನಿಂದ ಮಾಡುವ ಆಡಿಯೋ, ವಿಡಿಯೋ ಕರೆಗಳ ದರಕ್ಕೆ ಕಡಿವಾಣ ಹಾಕಲು ಅಮೆರಿಕದಲ್ಲಿ 2023ರ ಜನವರಿಯಲ್ಲಿ ಒಂದು ಕಾನೂನು ಬಂತು. ಅದಕ್ಕೆ ಮಾರ್ಥಾ ರೈಟ್ ಎಂಬ ಅಜ್ಜಿಯ ಹೆಸರೂ ಸೇರಿದೆ. ಜೈಲಿನಲ್ಲಿದ್ದ ಮೊಮ್ಮಗನ ಜೊತೆ ಮಾತಾಡುವ ಖರ್ಚು ತಾಳಲಾರದೆ ಅವರು ವರ್ಷಗಟ್ಟಲೆ ಹೋರಾಡಿದ್ದರು.

ಮೆಸೇಜನ್ನು ಯಾರು ಓದುತ್ತಾರೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದೇ. ವಾಟ್ಸಾಪ್‌ನಲ್ಲಿ ಕಳಿಸಿದವರು ಮತ್ತು ಪಡೆದವರು ಮಾತ್ರ ಓದುತ್ತಾರೆ ಎಂಬ ಅಭ್ಯಾಸ ನಮಗಿದೆ. ಜೈಲಿನ ಸಂದೇಶ ಹಾಗಲ್ಲ. ಸಿಬ್ಬಂದಿ ಅದನ್ನು ಓದಬಹುದು, ತಡೆಯಬಹುದು, ಉಳಿಸಿಕೊಳ್ಳಬಹುದು. ಇದಕ್ಕೆ ಒಪ್ಪಿದವರಿಗೆ ಮಾತ್ರ ಕಾರ್‌ಲಿಂಕ್ಸ್ ಬಳಸಲು ಅವಕಾಶ. 2014ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ, ಕೈದಿಗಳು ತಮ್ಮ ವಕೀಲರಿಗೆ ಬರೆದ ಇಮೇಲ್‌ಗಳನ್ನೇ ಸರ್ಕಾರಿ ವಕೀಲರು ಓದುತ್ತಿದ್ದ ವಿಷಯ ದೊಡ್ಡ ವಿವಾದವಾಗಿತ್ತು.

ನಮ್ಮಲ್ಲೂ ಕೈದಿಗೆ ಬರುವ ಕಾಗದವನ್ನು ಜೈಲು ಅಧಿಕಾರಿಗಳು ತೆರೆದು ನೋಡುವ ಪದ್ಧತಿ ಇದೆ.

ಹಾಗಾದರೆ ಕರ್ನಾಟಕದಲ್ಲಿ ಏನಿದೆ?

ಕಾರ್‌ಲಿಂಕ್ಸ್‌ನಂತೆ ದೇಶದ ಜೈಲುಗಳಿಗೆಲ್ಲ ಅನ್ವಯಿಸುವ ಇಮೇಲ್ ವ್ಯವಸ್ಥೆ ಭಾರತದಲ್ಲಿ ಇಲ್ಲ. ನಮ್ಮಲ್ಲಿ ಇರುವುದು 'ಇ-ಮುಲಾಕಾತ್'. ಕೇಂದ್ರ ಗೃಹ ಸಚಿವಾಲಯದ ಇ-ಪ್ರಿಸನ್ಸ್ ಯೋಜನೆಯ ಭಾಗವಾದ ಇದನ್ನು ರೂಪಿಸಿದ್ದು ಸರ್ಕಾರಿ ಸಂಸ್ಥೆಯಾದ ಎನ್‌ಐಸಿ. ಇದರಲ್ಲಿ ಮೆಸೇಜ್ ಕಳಿಸಲಾಗದು. ಜೈಲಿಗೇ ಹೋಗಿ ನೋಡುವ ಭೇಟಿಗೆ ಅಥವಾ ವಿಡಿಯೋ ಭೇಟಿಗೆ ಹೆಸರು ನೋಂದಾಯಿಸಬಹುದು. 2020ರಲ್ಲಿ ಕೋವಿಡ್‌ನಿಂದ ನೇರ ಭೇಟಿ ನಿಂತಾಗ ವಿಡಿಯೋ ಭೇಟಿ ಹೆಚ್ಚು ಬಳಕೆಗೆ ಬಂತು.

ನೋಂದಣಿಗೆ ನಿಮ್ಮ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರ, ಮೊಬೈಲ್ ನಂಬರ್ ಬೇಕು. ಜೊತೆಗೆ ಕೈದಿಯ ಹೆಸರು, ಯಾವ ರಾಜ್ಯ, ಯಾವ ಜೈಲು ಎಂಬುದೂ ಗೊತ್ತಿರಬೇಕು. ಅರ್ಜಿ ಹಾಕಿದ ಮಾತ್ರಕ್ಕೆ ಭೇಟಿ ಖಚಿತವಲ್ಲ, ಜೈಲಿನವರು ಒಪ್ಪಬೇಕು. ನೋಂದಣಿಗೆ ಶುಲ್ಕವಿಲ್ಲ.

ಇದಲ್ಲದೆ ಅಂಚೆಯಲ್ಲಿ ಕಾಗದ ಬರೆಯಬಹುದು. ಅನೇಕ ಜೈಲುಗಳಲ್ಲಿ, ಮೊದಲೇ ನೋಂದಾಯಿಸಿದ ನಂಬರ್‌ಗೆ ಕೈದಿಗಳೇ ಕರೆ ಮಾಡುವ ಫೋನ್ ಸೌಲಭ್ಯವೂ ಇದೆ. ಮನೆಯವರನ್ನು ನೋಡುವುದು, ಮಾತಾಡಿಸುವುದು ಜೈಲಿನವರು ತೋರುವ ಕೃಪೆಯಲ್ಲ. ಅದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 1981ರಲ್ಲಿ ಫ್ರಾನ್ಸಿಸ್ ಕೊರಾಲಿ ಮುಲಿನ್ ಪ್ರಕರಣದಲ್ಲಿ ಹೇಳಿದೆ.

ಮೋಸವನ್ನು ಗುರುತಿಸುವುದು ಹೇಗೆ?

ಮಗನೋ ಗಂಡನೋ ಜೈಲು ಸೇರಿದ ಮೊದಲ ದಿನಗಳಲ್ಲಿ ಮನೆಯವರ ಕೈಕಾಲು ಆಡುವುದಿಲ್ಲ. ವಂಚಕರಿಗೆ ಬೇಕಾಗಿರುವುದೂ ಅಂಥ ಹೊತ್ತೇ. ಮೂರು ವಿಷಯ ನೆನಪಿಡಿ.

1. ಇ-ಮುಲಾಕಾತ್ ನೋಂದಣಿಗೆ ಯಾರಾದರೂ ಯುಪಿಐ ಮೂಲಕ ಹಣ ಕೇಳಿದರೆ ಕೊಡಬೇಡಿ. ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತುವ ಬದಲು ಸರ್ಕಾರಿ ಪೋರ್ಟಲ್‌ಗೆ ನೀವೇ ಹೋಗಿ.

2. ಕೈದಿಗಳು ಮೊಬೈಲ್ ಇಟ್ಟುಕೊಳ್ಳುವಂತಿಲ್ಲ. "ನಾನು ಜೈಲಿನಿಂದ, ಅರ್ಜೆಂಟಾಗಿ ಹಣ ಹಾಕು" ಎಂದು ವಾಟ್ಸಾಪ್ ಬಂದರೆ, ಒಂದೋ ಅದು ಕಳ್ಳ ಫೋನ್, ಇಲ್ಲವೇ ವಂಚಕರ ಕೆಲಸ. ಎರಡರಿಂದಲೂ ನಿಮಗೆ ತೊಂದರೆಯೇ.

3. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಏನು ಬರೆಯಬೇಕು, ಏನು ಬರೆಯಬಾರದು?

ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ 2022ರ ವರದಿ ಪ್ರಕಾರ ಭಾರತದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನ ಕೈದಿಗಳು. ಅಂದರೆ ಅವರ ಮೇಲಿನ ಆರೋಪ ಇನ್ನೂ ಸಾಬೀತಾಗಿಲ್ಲ. ಹಾಗಾಗಿ ಕೇಸಿನ ಬಗ್ಗೆ, ಸಾಕ್ಷಿಗಳ ಬಗ್ಗೆ, "ಅವತ್ತು ಹೀಗೆ ಹೇಳು" ಎಂಬಂಥ ಮಾತುಗಳನ್ನು ಕಾಗದದಲ್ಲಾಗಲಿ ವಿಡಿಯೋ ಭೇಟಿಯಲ್ಲಾಗಲಿ ಎತ್ತಬೇಡಿ. ಅವನ್ನು ವಕೀಲರ ಬಳಿ ಮುಖಾಮುಖಿ ಮಾತಾಡಿ. ವಕೀಲರನ್ನು ಇಡಲು ಹಣವಿಲ್ಲದಿದ್ದರೆ ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು.

ಮನೆಯ ಸುದ್ದಿ ಮಾತ್ರ ಎಷ್ಟು ಬೇಕಾದರೂ ಬರೆಯಿರಿ. ಮಗಳ ಪರೀಕ್ಷೆ, ಅಮ್ಮನ ಮಂಡಿನೋವು, ಹಸು ಕರು ಹಾಕಿದ್ದು, ಊರ ಜಾತ್ರೆ. ಮುಂದಿನ ಭೇಟಿ ಯಾವಾಗ ಎಂಬುದನ್ನೂ ಬರೆಯಿರಿ.

ಇದರಿಂದ ಪ್ರಯೋಜನ ಇದೆಯೇ?

ಅಮೆರಿಕದ ಮಿನ್ನೆಸೋಟ ರಾಜ್ಯದ ಜೈಲು ಇಲಾಖೆ 16,420 ಕೈದಿಗಳ ಬಿಡುಗಡೆಯ ನಂತರದ ಬದುಕನ್ನು ಗಮನಿಸಿ 2011ರಲ್ಲಿ ವರದಿ ಪ್ರಕಟಿಸಿತು. ಜೈಲಿನಲ್ಲಿದ್ದಾಗ ಯಾರಾದರೂ ಬಂದು ನೋಡಿದ್ದವರು ಮತ್ತೆ ಗಂಭೀರ ಅಪರಾಧದಲ್ಲಿ ಶಿಕ್ಷೆಗೊಳಗಾಗುವ ಅಪಾಯ ಶೇ. 13ರಷ್ಟು ಕಡಿಮೆ ಇತ್ತು. ಭೇಟಿಯೊಂದೇ ಇದಕ್ಕೆ ಕಾರಣ ಎಂದು ಹೇಳಲಾಗದು, ಅಧ್ಯಯನ ನಡೆದದ್ದೂ ಮೆಸೇಜ್ ಬಗ್ಗೆ ಅಲ್ಲ. ಆದರೂ ಹೊರಗಿನ ನಂಟು ಉಳಿದವರು ಬಿಡುಗಡೆಯ ನಂತರ ಸುಧಾರಿಸಿಕೊಳ್ಳುವುದು ಹೆಚ್ಚು ಎಂಬುದನ್ನು ಅದು ತೋರಿಸುತ್ತದೆ.

ಒಟ್ಟಾರೆ ಹೇಳುವುದಾದರೆ, ಜೈಲಿಗೆ ಮೆಸೇಜ್ ಕಳಿಸಬಹುದು ಎಂಬುದು ಅಮೆರಿಕಕ್ಕೆ ನಿಜ, ನಮ್ಮ ಜೈಲುಗಳಿಗೆ ಸದ್ಯಕ್ಕೆ ಅಲ್ಲ. ನಮಗಿರುವ ದಾರಿ ಇ-ಮುಲಾಕಾತ್, ನೇರ ಭೇಟಿ, ಜೈಲಿನ ಫೋನ್ ಮತ್ತು ಅಂಚೆ ಕಾಗದ. ಮುಂದೆ ಇಂಥ ಫಾರ್ವರ್ಡ್ ಬಂದಾಗ ಕಳಿಸಿದವರಿಗೆ ಇಷ್ಟನ್ನು ತಿಳಿಸಿ. ಮನೆಯವರೊಬ್ಬರು ಒಳಗಿರುವ ಸಂಗತಿಯನ್ನು ಎಲ್ಲರೂ ಬಾಯಿಬಿಟ್ಟು ಹೇಳುವುದಿಲ್ಲ. ನಿಮ್ಮ ಗುಂಪಿನಲ್ಲೇ ಯಾರಿಗಾದರೂ ಇದು ಬೇಕಾಗಿರಬಹುದು.