ಸಿಂಧನೂರಿನ ನೆಲ್ಲು: ನಂಬಿದ್ದು ಮತ್ತು ಇರುವುದು

ತುಂಗಭದ್ರಾ ಎಡದಂಡೆ ಕಾಲುವೆ ಬಂದದ್ದೇ ಭತ್ತಕ್ಕಾಗಿ ಎಂದು ಸಿಂಧನೂರು ಸೀಮೆಯಲ್ಲಿ ಬಹಳ ಜನ ನಂಬಿದ್ದಾರೆ. ನಿಜ ಬೇರೆ. 1950ರ ದಶಕದಲ್ಲಿ ಕಾಲುವೆಗೆ ನೀರು ಬಿಟ್ಟಾಗ ಇದ್ದ ಉದ್ದೇಶ ಬರ ತಡೆಯುವುದು, ಇರುವಷ್ಟು ನೀರನ್ನು ಆದಷ್ಟು ಹೆಚ್ಚು ಹೊಲಗಳಿಗೆ ಮುಟ್ಟಿಸುವುದು. ಹಾಗಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗಳಿಗೇ ಹೆಚ್ಚಿನ ಜಮೀನು ಗೊತ್ತುಮಾಡಿದ್ದರು. ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು. ಕರಾವಳಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ರೈತರು ನೆಲ್ಲು ನಾಟಿ ಮಾಡಿ ತೋರಿಸಿದರು, ಊರವರೂ ಹಿಂಬಾಲಿಸಿದರು. ಅವರ ದುಡಿಮೆ ದೊಡ್ಡದು. ಆದರೆ ಮೇಲ್ಭಾಗದಲ್ಲಿ ನೀರು ನಿಂತಷ್ಟೂ ಮಾನ್ವಿ, ರಾಯಚೂರು ಕಡೆಯ ಕೆಳಭಾಗದವರ ಪಾಲು ಕರಗಿತು. ಆ ರೈತರು ವರ್ಷವರ್ಷ ನೀರಿಗಾಗಿ ರಸ್ತೆಗಿಳಿಯುವುದಕ್ಕೆ ಮಳೆ ಕೊರತೆಯೊಂದೇ ಕಾರಣವಲ್ಲ.

ಇಡೀ ರಾಯಚೂರು ಜಿಲ್ಲೆಯೇ ‘ಭತ್ತದ ಕಣಜ’ ಎನ್ನುವುದೂ ಸರಿಯಲ್ಲ. ಲಿಂಗಸುಗೂರಿಗೆ ಆಸರೆ ಕೃಷ್ಣೆಯ ನಾರಾಯಣಪುರ ಬಲದಂಡೆ. ಅಲ್ಲಿ ಮಳೆ ನಂಬಿದ ತೊಗರಿ, ಸಜ್ಜೆಯ ಹೊಲಗಳು ಇನ್ನೂ ಸಾಕಷ್ಟಿವೆ. ಮಸ್ಕಿ ತಾಲ್ಲೂಕಿನ ಹಳ್ಳಿಗಳವರು 5ಎ ಕಾಲುವೆ ಬೇಕೆಂದು ದೀರ್ಘಕಾಲ ಧರಣಿ ಕೂತಿದ್ದು ನೀರಿಲ್ಲದ್ದಕ್ಕೇ.

ಇನ್ನು ಬೆಲೆ. ಬೆಂಬಲ ಬೆಲೆಗಿಂತ ಕಡಿಮೆಗೆ ಕೊಳ್ಳುವ ವ್ಯಾಪಾರಿ ಕಾನೂನು ಮುರಿದಂತೆ ಎಂಬ ಮಾತು ಎಪಿಎಂಸಿಯಲ್ಲಿ ಕೇಳಿಬರುತ್ತದೆ. ದುಃಖದ ಸಂಗತಿಯೆಂದರೆ, ಅಂಥ ಕಾನೂನು ಇಲ್ಲ. ಬೆಂಬಲ ಬೆಲೆ ಸರ್ಕಾರ ತಾನು ಕೊಳ್ಳುವ ದರ, ಖಾಸಗಿಯವರನ್ನು ಕಟ್ಟಿಹಾಕುವುದಿಲ್ಲ. ಖರೀದಿ ಕೇಂದ್ರದಲ್ಲೂ ಭತ್ತದ ತೇವಾಂಶ ಶೇ 17 ಮೀರಬಾರದು. ಯಂತ್ರದಲ್ಲಿ ಕೊಯ್ದ ಹಸಿ ನೆಲ್ಲು ಅಲ್ಲೇ ಸೋಲುತ್ತದೆ. ಮತ್ತೊಂದು ಗೊಂದಲ ತೂಕದ್ದು. ನಮ್ಮಲ್ಲಿ ದರ ಹೇಳುವುದು 75 ಕೆಜಿ ಚೀಲಕ್ಕೆ, ಕೇಂದ್ರ ಸರ್ಕಾರ ಘೋಷಿಸುವುದು ಕ್ವಿಂಟಲಿಗೆ. 2025–26ರ ಸಾಮಾನ್ಯ ಭತ್ತದ 2,369 ರೂಪಾಯಿ ಚೀಲದ ಲೆಕ್ಕದಲ್ಲಿ ಸುಮಾರು 1,777. ದಲಾಲಿ ಅಂಗಡಿಯಲ್ಲಿ ದರ ಕೇಳುವಾಗ ಈ ಲೆಕ್ಕ ನೆನಪಿರಲಿ. ಸಣ್ಣಕ್ಕಿ ತಳಿಗಳಿಗೆ ಮಿಲ್ಲಿನವರು ಬೆಂಬಲ ಬೆಲೆಗಿಂತ ಹೆಚ್ಚು ಕೊಡುವ ವರ್ಷಗಳೂ ಇವೆ, ಆಗ ಖರೀದಿ ಕೇಂದ್ರದ ಕಡೆ ಯಾರೂ ಸುಳಿಯುವುದಿಲ್ಲ.

ಅಕ್ಕಿ ರಫ್ತು ನಿಷೇಧ ದೊಡ್ಡ ಕಂಪನಿಗಳ ತಲೆನೋವು ಎಂದುಕೊಂಡವರೂ ಇದ್ದಾರೆ. 2023ರ ಜುಲೈ 20ರಂದು ಕೇಂದ್ರ ನಿಲ್ಲಿಸಿದ್ದು ಬಾಸ್ಮತಿಯೇತರ ಬಿಳಿ ಅಕ್ಕಿಯನ್ನು. ಸೋನಾ ಮಸೂರಿಯೂ ಅದರಲ್ಲಿ ಸೇರಿತ್ತು. ಸುದ್ದಿ ಹರಡಿದ ಕೂಡಲೇ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ಸಾಲು ಬೆಳೆಯಿತು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ಒಳಗಿನ ಗ್ರಾಹಕರಿಗೆ ಅಕ್ಕಿ ಅಗ್ಗವಾಗಲಿ ಎಂದು ಬಾಗಿಲು ಮುಚ್ಚಿದಾಗ ಅದರ ಖರ್ಚಿನಲ್ಲಿ ಒಂದು ಪಾಲನ್ನು ಬೆಳೆದವರೇ ಹೊರುತ್ತಾರೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕೊನೆಗೆ, ನ್ಯಾಯಬೆಲೆ ಅಂಗಡಿಯ ‘ಪ್ಲಾಸ್ಟಿಕ್ ಅಕ್ಕಿ’. ನೀರಿಗೆ ಹಾಕಿದಾಗ ತೇಲುವ, ಬಣ್ಣ ತುಸು ಬೇರೆಯಿರುವ ಆ ಕಾಳು ಸಾರವರ್ಧಿತ ಅಕ್ಕಿ. ಅಕ್ಕಿಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ, ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತಿ, 100 ಕಾಳಿಗೆ ಒಂದರಂತೆ ಕೂಡಿಸುತ್ತಾರೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಕಿಲೋ ಅಕ್ಕಿಯಲ್ಲಿ ಕಬ್ಬಿಣ 28ರಿಂದ 42.5 ಮಿಲಿಗ್ರಾಂ ಇರಬೇಕು. ರಕ್ತಹೀನತೆಯ ಹೆಣ್ಣುಮಕ್ಕಳಿರುವ ಮನೆಯಲ್ಲೇ ಅವನ್ನು ಮೊರದಲ್ಲಿ ಆರಿಸಿ ಎಸೆಯುತ್ತಾರೆ. ಅನುಮಾನವಿದ್ದರೆ ನಾಲ್ಕು ಕಾಳು ಬೇರೆಯಾಗಿ ಬೇಯಿಸಿ ಬೆರಳಲ್ಲಿ ಹಿಸುಕಿ ನೋಡಿ: ಅನ್ನದಂತೆಯೇ ಮೆತ್ತಗಾಗುತ್ತದೆ.