ಮಕ್ಕಳ ಕೈಗೆ ವಾಹನದ ಕೀ: ವಯಸ್ಸಿನ ಜೊತೆ ವಿವೇಕವೂ ಬೇಕು

ಅನಾಥ ಮಕ್ಕಳ ಆಸ್ತಿಯನ್ನು ಅವರಿಗೆ ಯಾವಾಗ ಒಪ್ಪಿಸಬೇಕು ಎಂಬುದನ್ನು ಪವಿತ್ರ ಕುರ್‌ಆನ್ ಸೂರಾ ಅನ್ನಿಸಾದ ಆರನೇ ಆಯತ್‌ನಲ್ಲಿ ತಿಳಿಸುತ್ತದೆ. ಮಗು ಪ್ರಾಯಕ್ಕೆ ಬಂದರಷ್ಟೇ ಸಾಲದು. ಪೋಷಕರು ಅದಕ್ಕೂ ಮುಂಚಿನಿಂದಲೇ ಅವರನ್ನು ಪರೀಕ್ಷಿಸುತ್ತಾ ಬರಬೇಕು. ಅವರಲ್ಲಿ 'ರುಶ್ದ್', ಅಂದರೆ ವಿವೇಕ ಕಂಡುಬಂದ ಮೇಲೆ ಆಸ್ತಿಯನ್ನು ಒಪ್ಪಿಸಬೇಕು. ಈ ಪರೀಕ್ಷೆ ಹೇಗೆ? ಮೊದಲು ಸ್ವಲ್ಪ ಹಣ ಕೊಟ್ಟು ವ್ಯವಹಾರ ಮಾಡಿಸಿ ನೋಡಬೇಕು ಎಂದು ಹಲವು ವಿದ್ವಾಂಸರು ವಿವರಿಸಿದ್ದಾರೆ.

ಹಣ ಹಾಳಾಗದಿರಲಿ ಎಂದೇ ಇಷ್ಟು ಎಚ್ಚರಿಕೆ. ಹಾಗಾದರೆ ತನ್ನ ಜೀವವನ್ನೂ ದಾರಿಹೋಕರ ಜೀವವನ್ನೂ ತೆಗೆಯಬಲ್ಲ ವಾಹನವನ್ನು ಮಗನ ಕೈಗೆ ಕೊಡುವಾಗ ನಾವು ಎಷ್ಟು ಪರೀಕ್ಷೆ ಮಾಡುತ್ತೇವೆ? ಇತ್ತೀಚಿನ ಜುಮಾ ಖುತ್ಬಾದಲ್ಲಿ ನಾವು ಎತ್ತಿಕೊಂಡ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಕೊಡುತ್ತಿದ್ದೇವೆ.

ಹಂತ ಹಂತದ ಲೈಸೆನ್ಸ್ ಎಂದರೇನು?

ಕೆಲವು ದೇಶಗಳಲ್ಲಿ ಹದಿಹರೆಯದವರಿಗೆ ಪೂರ್ಣ ಲೈಸೆನ್ಸನ್ನು ಒಂದೇ ಸಲ ಕೊಡುವುದಿಲ್ಲ. ನ್ಯೂಝಿಲೆಂಡ್ 1987ರಲ್ಲಿ ಇದನ್ನು ಹಂತಗಳಾಗಿ ವಿಂಗಡಿಸಿತು. ಕೆನಡಾದ ಒಂಟಾರಿಯೊ ಪ್ರಾಂತ್ಯ 1994ರಲ್ಲಿ ಇದೇ ದಾರಿ ಹಿಡಿಯಿತು. ಸಿಡ್ನಿ ನಗರವಿರುವ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಾರು ಕಲಿಯುವವರಿಗಿರುವ ಕ್ರಮವನ್ನು ಉದಾಹರಣೆಯಾಗಿ ನೋಡೋಣ.

ಅಲ್ಲಿ 16 ವರ್ಷ ತುಂಬಿದ ಮೇಲೆ, ರಸ್ತೆ ನಿಯಮಗಳ ಪರೀಕ್ಷೆಯಲ್ಲಿ ಪಾಸಾದವರಿಗೆ ಕಲಿಕಾ ಲೈಸೆನ್ಸ್ ಸಿಗುತ್ತದೆ. ಪೂರ್ಣ ಲೈಸೆನ್ಸ್ ಇರುವ ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತಿರಲೇಬೇಕು. 25 ವರ್ಷದೊಳಗಿನವರು ಕನಿಷ್ಠ ಒಂದು ವರ್ಷ ಹೀಗೆ ಕಲಿತು, 120 ಗಂಟೆಗಳ ಚಾಲನೆಯನ್ನು ಪುಸ್ತಕದಲ್ಲಿ ದಾಖಲಿಸಬೇಕು. ಅದರಲ್ಲಿ 20 ಗಂಟೆ ರಾತ್ರಿಯದ್ದಾಗಿರಬೇಕು. ಬಳಿಕ ಅಪಾಯವನ್ನು ಮುಂಚೆಯೇ ಗುರುತಿಸುವ ಪರೀಕ್ಷೆ, ಆಮೇಲೆ ರಸ್ತೆಯ ಮೇಲಿನ ಪರೀಕ್ಷೆ.

ಪಾಸಾದರೆ ಕೆಂಪು 'ಪಿ' ಫಲಕ. ಈಗ ಒಬ್ಬನೇ ಓಡಿಸಬಹುದು. ಆದರೆ ಗಂಟೆಗೆ 90 ಕಿ.ಮೀ. ಮೀರುವಂತಿಲ್ಲ, ಮೊಬೈಲ್ ಮುಟ್ಟುವಂತಿಲ್ಲ. ರಾತ್ರಿ 11ರಿಂದ ಬೆಳಗಿನ 5ರವರೆಗೆ, ಮನೆಯವರನ್ನು ಬಿಟ್ಟರೆ, 21 ವರ್ಷದೊಳಗಿನ ಒಬ್ಬರಿಗಿಂತ ಹೆಚ್ಚು ಮಂದಿಯನ್ನು ಕೂರಿಸಿಕೊಳ್ಳುವಂತಿಲ್ಲ. ಒಂದು ವರ್ಷದ ನಂತರ ಹಸಿರು 'ಪಿ' ಫಲಕ, ವೇಗದ ಮಿತಿ 100. ಅದರಲ್ಲಿ ಎರಡು ವರ್ಷ ಕಳೆದ ಮೇಲೆ ಪೂರ್ಣ ಲೈಸೆನ್ಸ್. ಅಂದರೆ 16ರಲ್ಲಿ ಆರಂಭಿಸಿದವನಿಗೆ ಪೂರ್ಣ ಲೈಸೆನ್ಸ್ ಸಿಗುವಾಗ 20 ಆಗಿರುತ್ತದೆ.

ಇಷ್ಟೊಂದು ಹಂತಗಳೇಕೆ?

ಗೇರ್, ಬ್ರೇಕ್ ಕಲಿಯಲು ಕೆಲವು ದಿನಗಳು ಸಾಕು. ಆದರೆ ನಿಂತ ಬಸ್ಸಿನ ಮುಂದಿನಿಂದ ಮಗುವೊಂದು ಓಡಿ ಬರಬಹುದು ಎಂದು ಮುಂಚೆಯೇ ಊಹಿಸಿ ವೇಗ ತಗ್ಗಿಸುವುದು ಅನುಭವದಿಂದಲೇ ಬರುವಂಥದ್ದು. ಹೊಸ ಚಾಲಕರಿಗೆ ಅಪಾಯ ಅತಿ ಹೆಚ್ಚಿರುವುದು ಒಬ್ಬರೇ ಓಡಿಸಲು ಆರಂಭಿಸಿದ ಮೊದಲ ತಿಂಗಳುಗಳಲ್ಲಿ. ರಾತ್ರಿ ವೇಳೆ ಅದು ಹೆಚ್ಚುತ್ತದೆ. ಸಮವಯಸ್ಸಿನ ಗೆಳೆಯರು ಜೊತೆಗಿದ್ದರೆ ಇನ್ನೂ ಹೆಚ್ಚುತ್ತದೆ. ಹಾಗಾಗಿ ಸುಲಭವಾದುದನ್ನು ಮೊದಲು ಕೊಟ್ಟು, ಕಠಿಣವಾದುದನ್ನು ಕೊನೆಗೆ ಕೊಡುತ್ತಾರೆ.

ಈ ಕ್ರಮ ನಮಗೆ ಹೊಸದೇನಲ್ಲ. ಮಕ್ಕಳಿಗೆ ಏಳನೇ ವಯಸ್ಸಿನಲ್ಲಿ ನಮಾಝ್‌ಗೆ ಹೇಳಬೇಕು, ಹತ್ತರಲ್ಲಿ ಬಿಗಿ ಮಾಡಬೇಕು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅದು ಕಡ್ಡಾಯವಾಗುವುದು ಪ್ರಾಯಕ್ಕೆ ಬಂದ ಮೇಲೆ. ರಮಝಾನ್‌ನಲ್ಲಿ ಚಿಕ್ಕವರಿಗೆ ಮೊದಲು ಅರ್ಧ ದಿನದ ಉಪವಾಸ ರೂಢಿ ಮಾಡಿಸುವವರೂ ನಾವೇ ಅಲ್ಲವೇ?

ನಮ್ಮ ದೇಶದ ಕಾನೂನು

ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೈಕ್, ಕಾರು ಓಡಿಸಲು 18 ವರ್ಷ ತುಂಬಿರಬೇಕು. 16 ತುಂಬಿದವರು 50 ಸಿಸಿ ಮೀರದ ದ್ವಿಚಕ್ರ ವಾಹನವನ್ನು ಲೈಸೆನ್ಸ್ ಪಡೆದು ಓಡಿಸಬಹುದು. ನಮ್ಮ ಮನೆಗಳ ಮುಂದೆ ನಿಂತಿರುವ ಸ್ಕೂಟರ್‌ಗಳು ಸಾಮಾನ್ಯವಾಗಿ 100 ಸಿಸಿ ಮೀರಿದವು. ಆದ್ದರಿಂದ 'ಹದಿನಾರು ಆಯ್ತಲ್ಲ' ಎಂಬ ಮಾತು ಅವುಗಳಿಗೆ ನಡೆಯದು.

2019ರ ತಿದ್ದುಪಡಿ ಇನ್ನೂ ಬಿಗಿಯಾಗಿದೆ. ಅಪ್ರಾಪ್ತರು ಈ ಕಾಯ್ದೆಯಡಿ ಅಪರಾಧ ಮಾಡಿದರೆ ಪೋಷಕರು ಅಥವಾ ವಾಹನದ ಮಾಲಿಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. 'ನಮಗೆ ಗೊತ್ತಿಲ್ಲದೆ ತೆಗೆದುಕೊಂಡು ಹೋದ' ಎಂದರೆ, ಅದನ್ನು ಸಾಬೀತು ಮಾಡಬೇಕಾದವರೂ ಪೋಷಕರೇ.

ಆದರೆ 18 ತುಂಬಿದವರಿಗೆ ನಮ್ಮಲ್ಲಿ ಹಂತಗಳು ಕಡಿಮೆ. ಎಲ್‌ಎಲ್‌ಆರ್ ಸಿಕ್ಕ 30 ದಿನಗಳ ನಂತರ ಆರ್‌ಟಿಒ ಪರೀಕ್ಷೆ ಕೊಡಬಹುದು. ಪಾಸಾದವನು ಅದೇ ರಾತ್ರಿ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಗೆ ಇಳಿದರೂ ಕಾನೂನು ತಡೆಯುವುದಿಲ್ಲ. ಆ ಉಳಿದ ಹಂತಗಳನ್ನು ಮನೆಯೇ ಹಾಕಬೇಕು.

ಮನೆಯಲ್ಲಿ ಹಾಕಬಹುದಾದ ಹಂತಗಳು

18 ತುಂಬಿ ಎಲ್‌ಎಲ್‌ಆರ್ ಬರುವವರೆಗೆ ರಸ್ತೆಯಲ್ಲಿ ವಾಹನ ಕೊಡುವುದೇ ಬೇಡ. ಹಾಲು ತರಲು, ಮದ್ರಸಕ್ಕೆ ತಂಗಿಯನ್ನು ಬಿಡಲು, ಮಸೀದಿಗೆ ಬರಲು ಎಂಬ ನೆಪಗಳೂ ಬೇಡ. ಎಲ್‌ಎಲ್‌ಆರ್ ಬಂದ ಮೇಲೆ ಲೈಸೆನ್ಸ್ ಇರುವ ತಂದೆಯೋ ಅಣ್ಣನೋ ಜೊತೆಯಲ್ಲಿದ್ದು ಹಗಲು ಹೊತ್ತಿನಲ್ಲಿ ಕಲಿಸಲಿ, ಒಂದು ನೋಟ್‌ಬುಕ್‌ನಲ್ಲಿ ಗಂಟೆಗಳನ್ನು ಬರೆದಿಡಲಿ. ಡಿಎಲ್ ಸಿಕ್ಕ ಮೊದಲ ಆರು ತಿಂಗಳು ಪರಿಚಿತ ರಸ್ತೆ, ಹಗಲು, ಒಬ್ಬನೇ. ನಂತರ ಮನೆಯವರನ್ನು ಕೂರಿಸಿಕೊಂಡು. ರಾತ್ರಿ, ಮಳೆ, ಹೆದ್ದಾರಿ ಕೊನೆಗೆ. ಪಟ್ಟಿ ಬಿಗಿದ ಹೆಲ್ಮೆಟ್ ಮತ್ತು ಜೇಬಿನಲ್ಲೇ ಉಳಿಯುವ ಮೊಬೈಲ್ ಎಲ್ಲ ಹಂತಕ್ಕೂ ಕಡ್ಡಾಯ. ಕಾಲೇಜಿಗೆ ಸ್ಕೂಟರ್‌ನಲ್ಲಿ ಹೋಗುವ ಹೆಣ್ಣು ಮಕ್ಕಳಿಗೂ ಇದೇ ಕ್ರಮ. ತರಾವೀಹ್ ಮುಗಿದ ಮೇಲಿನ ಸುತ್ತಾಟ, ಈದ್ ದಿನದ ತ್ರಿಬಲ್ ಸವಾರಿ ಯಾವ ಹಂತದಲ್ಲೂ ಇಲ್ಲ.

'ಎಲ್ಲ ತಕ್ದೀರ್' ಎಂದು ಕೆಲವರು ಹೇಳುವುದುಂಟು. ಒಂಟೆಯನ್ನು ಕಟ್ಟಿ ಹಾಕಿದ ಮೇಲೆ ಅಲ್ಲಾಹನ ಮೇಲೆ ಭರವಸೆ ಇಡಬೇಕೆಂಬುದು ಪ್ರವಾದಿ(ಸ)ರ ಬೋಧನೆ. ಉದ್ದೇಶವಿಲ್ಲದೆ ಒಬ್ಬನ ಜೀವ ತೆಗೆದರೂ ಕುರ್‌ಆನ್ ಸುಮ್ಮನೆ ಬಿಡುವುದಿಲ್ಲ. ಸತ್ತವನ ಕುಟುಂಬಕ್ಕೆ ಪರಿಹಾರ ಧನ ಕೊಡಬೇಕು. ಗುಲಾಮ ವಿಮೋಚನೆಗೆ ದಾರಿಯಿಲ್ಲದವನು ಪ್ರಾಯಶ್ಚಿತ್ತವಾಗಿ ಸತತ ಎರಡು ತಿಂಗಳು ಉಪವಾಸ ಹಿಡಿಯಬೇಕು. ತಿಳಿಯದೆ ಆದುದಕ್ಕೇ ಇಷ್ಟಾದರೆ, ತಿಳಿದೂ ಕೀ ಕೊಟ್ಟವರು ನಾಳೆ ಏನು ಉತ್ತರ ಹೇಳಬೇಕು?

ಮಗ ಮುನಿಸಿಕೊಳ್ಳಬಹುದು, 'ಅವನ ಅಬ್ಬ ಕೊಟ್ಟಿದ್ದಾರೆ' ಎನ್ನಬಹುದು. ಆಗ ಇಲ್ಲ ಎನ್ನುವುದೂ ಪ್ರೀತಿಯೇ. ಮಕ್ಕಳು ನಮಗೆ ಅಲ್ಲಾಹನು ಕೊಟ್ಟ ಅಮಾನತ್. ಬೀದಿಯಲ್ಲಿ ನಡೆದು ಹೋಗುವ ಪರರ ಮಕ್ಕಳೂ ಅವರ ಮನೆಯ ಅಮಾನತ್. ಎಲ್ಲರನ್ನೂ ಸುರಕ್ಷಿತವಾಗಿ ಮನೆ ಸೇರಿಸುವ ವಿವೇಕವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ. ಆಮೀನ್.